ಡಿವಿಡಿಯ ಬೀಗ ಮತ್ತು ಒಂದು ನಿಮಿಷದ ತುಣುಕು

1/6
ಸಿನಿಮಾದಲ್ಲಿ ಒಂದು ಸೀನ್ ಇಷ್ಟ ಆದ್ರೆ ನಾವೇನ್ ಮಾಡ್ತೀವಿ? ಸ್ಕ್ರೀನ್ ರೆಕಾರ್ಡ್ ಒತ್ತಿ, ಹಿಂದೆ ಮುಂದೆ ಕತ್ತರಿಸಿ, ಸ್ಟೇಟಸ್‌ಗೆ ಹಾಕ್ತೀವಿ. ಎರಡು ನಿಮಿಷದ ಕೆಲಸ. 20 ವರ್ಷದ ಹಿಂದೆ ಇದೇ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹಿಡೀತಿತ್ತು. ಅಷ್ಟೇ ಅಲ್ಲ, ಅದರ ಹಿಂದೆ ಒಂದು ಕೋರ್ಟ್ ಕೇಸೂ ಇತ್ತು, ಸ್ವಲ್ಪ ಗಣಿತವೂ ಇತ್ತು. ಇವತ್ತಿನ ಕಥೆ ಅದೇ. ಹಾಗೇ ಸ್ವೈಪ್ ಮಾಡ್ತಾ ಬನ್ನಿ.

2/6 ಬೀಗ
ಡಿವಿಡಿ ಮೊದಲು ಮಾರುಕಟ್ಟೆಗೆ ಬಂದಿದ್ದು 1996ರ ನವೆಂಬರ್‌ನಲ್ಲಿ, ಜಪಾನಿನಲ್ಲಿ. ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ ಜಾಗ. ಯಾರೂ ಕಾಪಿ ಮಾಡಬಾರದು ಅಂತ ಸಿನಿಮಾ ಕಂಪನಿಗಳು ಅದಕ್ಕೆ ಸಿಎಸ್‌ಎಸ್ ಅನ್ನೋ ಬೀಗ ಹಾಕಿದವು. ಕೀಲಿಯ ಉದ್ದ ಬರೀ 40 ಬಿಟ್. ಲೈಸೆನ್ಸ್ ಪಡೆದ ಪ್ಲೇಯರ್‌ಗಳಿಗೆ ಮಾತ್ರ ಆ ಕೀಲಿ ಸಿಗ್ತಿತ್ತು. ಲಿನಕ್ಸ್ ಬಳಸೋರಿಗೆ ಅಂಥ ಪ್ಲೇಯರ್ ಇರಲಿಲ್ಲ. ಅಂದ್ರೆ, ದುಡ್ಡು ಕೊಟ್ಟು ತಂದ ಡಿಸ್ಕನ್ನೂ ಅವರು ತಮ್ಮ ಕಂಪ್ಯೂಟರ್‌ನಲ್ಲಿ ನೋಡೋ ಹಾಗಿರಲಿಲ್ಲ!

ಆದ್ರೆ ಒಂದು ಪ್ಲೇಯರ್ ಸಾಫ್ಟ್‌ವೇರ್ ತನ್ನ ಕೀಲಿಯನ್ನು ಸರಿಯಾಗಿ ಬಚ್ಚಿಟ್ಟಿರಲಿಲ್ಲ. 1999ರ ಅಕ್ಟೋಬರ್‌ನಲ್ಲಿ ಬೀಗ ತೆಗೆಯೋ ಡಿಸಿಎಸ್‌ಎಸ್ ಅನ್ನೋ ಪುಟ್ಟ ಪ್ರೋಗ್ರಾಂ ಹೊರಬಂತು. ಅದರ ಹಿಂದಿದ್ದವರಲ್ಲಿ ಹೆಸರು ಗೊತ್ತಾಗಿದ್ದು ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ ಒಬ್ಬನದೇ. ಆಗ ಅವನಿಗೆ ಬರೀ 15 ವರ್ಷ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಹುಡುಗ.

3/6 ಕೋರ್ಟು
ಅವನ ಮೇಲೆ ಕೇಸ್ ಬಿತ್ತು. 2003ರ ಜನವರಿಯಲ್ಲಿ ಓಸ್ಲೋ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ತಾನೇ ಕೊಂಡ ಡಿಸ್ಕನ್ನು ನೋಡೋಕೆ ಬೀಗ ತೆಗೆದರೆ ಅಪರಾಧ ಆಗಲ್ಲ ಅನ್ನೋದು ತೀರ್ಪಿನ ಸಾರ. ಮೇಲ್ಮನವಿ ಹೋಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲೂ ಅವನೇ ಗೆದ್ದ. ಅಮೆರಿಕದಲ್ಲಿ ಮಾತ್ರ ಉಲ್ಟಾ. ಈ ಪ್ರೋಗ್ರಾಂ ಅನ್ನು ಹಂಚಬಾರದು ಅಂತ ಅಲ್ಲಿನ ಕೋರ್ಟ್ 2000ದಲ್ಲೇ ಆದೇಶ ಕೊಟ್ಟಿತ್ತು. ಜನ ಸುಮ್ಮನಿದ್ರಾ? ಅದೇ ಕೋಡನ್ನು ಟೀ ಶರ್ಟಿನ ಮೇಲೆ ಪ್ರಿಂಟ್ ಹಾಕಿಸಿದ್ರು. ಒಬ್ಬರಂತೂ ಹೈಕು ಮಾಡಿ ಬರೆದ್ರು. ಕೋಡ್ ಕೂಡ ಮಾತೇ, ಮಾತಿಗೆ ಬೀಗ ಹಾಕೋಕಾಗುತ್ತಾ ಅನ್ನೋದು ಅವರ ಪ್ರಶ್ನೆ.

4/6 ಗಣಿತ
ಬೀಗ ತೆಗೆದರೂ ತುಣುಕು ಆನ್‌ಲೈನ್‌ಗೆ ಹೋಗ್ತಿರಲಿಲ್ಲ. ಯಾಕೆ? ಲೆಕ್ಕ ಹಾಕೋಣ. ನಮ್ಮ ಕಡೆಯ ಪಾಲ್ ಡಿವಿಡಿಯ ಚಿತ್ರ 720 x 576, ಸೆಕೆಂಡಿಗೆ 25 ಫ್ರೇಮ್. ಸಂಕುಚಿಸದೆ ಹಾಗೇ ಇಟ್ಟರೆ ಒಂದು ನಿಮಿಷಕ್ಕೆ 900 ಎಂಬಿ ದಾಟುತ್ತೆ. ಡಿವಿಡಿಯಲ್ಲಿರೋ ಎಂಪೆಗ್-2 ಒಂದು ಫ್ರೇಮನ್ನು ಪೂರ್ತಿ ಬರೆದು, ಆಮೇಲಿನ ಫ್ರೇಮ್‌ಗಳಲ್ಲಿ ಏನು ಬದಲಾಯ್ತೋ ಅದನ್ನಷ್ಟೇ ಬರೆಯುತ್ತೆ. ಹಾಗಾಗಿ 5 ಎಂಬಿಪಿಎಸ್ ವೇಗದ ಡಿವಿಡಿಯ ಒಂದು ನಿಮಿಷಕ್ಕೆ 37 ಎಂಬಿ ಸಾಕು. ಆದ್ರೆ 56 ಕೆಬಿಪಿಎಸ್ ಡಯಲ್-ಅಪ್‌ನಲ್ಲಿ ಅಷ್ಟು ಇಳಿಸೋಕೂ ಸುಮಾರು ಒಂದೂವರೆ ಗಂಟೆ ಬೇಕು. ಒಂದು ನಿಮಿಷದ ಸೀನಿಗೆ!

ಅದಕ್ಕೇ ಜನ ಡಿಸ್ಕಿನ ವಿಓಬಿ ಫೈಲ್ ತೆಗೆದು, ಬೇಕಾದಷ್ಟು ಕತ್ತರಿಸಿ, ಟೀವಿಗೆ ಅಂತ ಎರಡು ಭಾಗವಾಗಿದ್ದ ಫ್ರೇಮಿನ ಗೆರೆಗಳನ್ನು ಕೂಡಿಸಿ, 320 x 240ಕ್ಕೆ ಕುಗ್ಗಿಸಿ, ಹೊಸ ಕೊಡೆಕ್‌ನಲ್ಲಿ ಮತ್ತೆ ಬರೀತಿದ್ರು. 250 ಕೆಬಿಪಿಎಸ್‌ಗೆ ಇಳಿಸಿದ್ರೆ ಅದೇ ನಿಮಿಷ 2 ಎಂಬಿ ಒಳಗೆ, ಡಯಲ್-ಅಪ್‌ನಲ್ಲೂ ಐದು ನಿಮಿಷದೊಳಗೆ. ಮೊದಲು ಡಿವ್‌ಎಕ್ಸ್, 2001ರಲ್ಲಿ ಎಕ್ಸ್‌ವಿಡ್, 2003ರಲ್ಲಿ ಎಚ್.264. ಇವತ್ತಿಗೂ ನಿಮ್ಮ ಮೊಬೈಲ್ ಎಷ್ಟೋ ವಿಡಿಯೊ ಓಡಿಸೋದು ಈ ಎಚ್.264ರಲ್ಲೇ. 2005ರಲ್ಲಿ ಯೂಟ್ಯೂಬ್ ಬಂತು, ಅದರ ಮೊದಲ ವಿಡಿಯೊ ಬರೀ 19 ಸೆಕೆಂಡು.

5/6 ಮೇಷ್ಟ್ರು
ಇದನ್ನೆಲ್ಲ ಬರೀ ಪೈರಸಿ ಅನ್ಕೋಬೇಡಿ. ಸಿನಿಮಾ ಪಾಠ ಮಾಡೋ ಮೇಷ್ಟ್ರಿಗೆ ಐದು ಚಿತ್ರಗಳ ಐದು ತುಣುಕು ತೋರಿಸಬೇಕು. ಪ್ರತಿ ಸಲ ಡಿಸ್ಕ್ ಬದಲಿಸಿ, ತಪ್ಪಿಸೋಕಾಗದ ಎಚ್ಚರಿಕೆ ಬರಹ ನೋಡ್ತಾ ಕೂತ್ರೆ ಪೀರಿಯಡ್ಡೇ ಮುಗಿದುಹೋಗುತ್ತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರು ಇದನ್ನೇ ವಾದ ಮಾಡಿ, 2006ರಲ್ಲಿ ಸಿನಿಮಾ ಅಧ್ಯಾಪಕರಿಗೆ ತರಗತಿಯ ಮಟ್ಟಿಗೆ ವಿನಾಯಿತಿ ಪಡೆದರು. 2010ರಲ್ಲಿ ಅದು ಸಾಕ್ಷ್ಯಚಿತ್ರ ಮಾಡೋರಿಗೂ, ಸಿನಿಮಾ ಓದೋ ವಿದ್ಯಾರ್ಥಿಗಳಿಗೂ ಸಿಕ್ತು. ಆದ್ರೆ ಚಿಕ್ಕ ತುಣುಕಿಗೆ ಮಾತ್ರ, ವಿಮರ್ಶೆಗೋ ಟಿಪ್ಪಣಿಗೋ ಮಾತ್ರ.

ನಮ್ಮಲ್ಲಿ? 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಅನ್ನೋ ಸೆಕ್ಷನ್ ಸೇರಿತು. ಅದು ನೋಡೋದು ಉದ್ದೇಶವನ್ನು. ಹಕ್ಕು ಕದಿಯೋಕೆ ಬೀಗ ಮುರಿದ್ರೆ ಎರಡು ವರ್ಷದವರೆಗೆ ಜೈಲು. ಕಾಯ್ದೆ ಬೇಡ ಅನ್ನದ ಕೆಲಸಕ್ಕೆ ಬಾಗಿಲು ತೆರೆದಿದೆ. ವಿಮರ್ಶೆಗೆ, ಅಧ್ಯಯನಕ್ಕೆ ನ್ಯಾಯವಾಗಿ ಬಳಸೋ ಅವಕಾಶ ಸೆಕ್ಷನ್ 52ರಲ್ಲಿದೆ.

6/6 ನಮ್ಮ ಮನೆ ಬೀರು
ಈಗ ನಿಮ್ಮ ವಿಷಯ. ಮನೆಯಲ್ಲಿ ಮದುವೆ, ಗೃಹಪ್ರವೇಶದ ಡಿವಿಡಿ ಇದೆ ಅಲ್ವಾ? ಸ್ಟುಡಿಯೋದವರು ಬರೆದುಕೊಟ್ಟ ಆ ಡಿಸ್ಕಿಗೆ ಯಾವ ಬೀಗವೂ ಇಲ್ಲ. ಆದ್ರೆ ಅಂಥ ಡಿಸ್ಕಿನಲ್ಲಿ ದತ್ತಾಂಶ ನಿಂತಿರೋದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಖೆಗೆ ಅದು ಕೆಡುತ್ತೆ. ನಮ್ಮ ಚಿಕ್ಕಪ್ಪನ ಮದುವೆ ಡಿವಿಡಿ ಅರ್ಧಕ್ಕೇ ನಿಂತುಹೋಯ್ತು. ಆದ್ರೂ ಓದಿದಷ್ಟು ಕಾಪಿ ಮಾಡಿದಾಗ 40 ಸೆಕೆಂಡು ಸಿಕ್ತು: ಅಜ್ಜ ಪಂಕ್ತಿಯಲ್ಲಿ ತುಪ್ಪದ ಪಾತ್ರೆ ಹಿಡ್ಕೊಂಡು, "ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳೋ" ಅಂತಿದ್ದಾರೆ. ಅಜ್ಜನ ದನಿ ನಮ್ಮ ಹತ್ರ ಇರೋದು ಅದೊಂದೇ.

ಈ ಭಾನುವಾರ ಡ್ರೈವ್ ಇರೋ ಹಳೇ ಕಂಪ್ಯೂಟರ್ ಹುಡುಕಿ. ಮೊದಲು ಡಿಸ್ಕಿನ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಆಮೇಲೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಎಂಪಿ4 ಮಾಡ್ಕೊಳ್ಳಿ. ಮೂಲ ಫೈಲ್ ಅಳಿಸಬೇಡಿ. ಒಮ್ಮೆ ಕುಗ್ಗಿಸಿದ ಚಿತ್ರ ಮತ್ತೆ ಹಿಗ್ಗಲ್ಲ.

ನಿಮ್ಮ ಬೀರುವಿನಲ್ಲಿ ಯಾವ ಡಿಸ್ಕ್ ಸಿಕ್ತು ಅಂತ ಹೇಳ್ತೀರಾ? ಕಾಯ್ತಿರ್ತೀನಿ.

#ಹಳೇತಂತ್ರಜ್ಞಾನ #ಡಿವಿಡಿಕಥೆ #ಕನ್ನಡದಲ್ಲಿಇತಿಹಾಸ