ಹಫ್ತಾ ವಸೂಲಿಯ ಆಟ: ‘ಗಾಡ್‌ಫಾದರ್’ ಸಿನಿಮಾ ಗೇಮ್ ಆದ ಕಥೆ

ಗೋಕಾಕ ಪ್ಯಾಟಿಯಲ್ಲಿ ಒಂದು ಕರದಂಟಿನ ಅಂಗಡಿ ಇದೆ ಅಂದುಕೊಳ್ಳಿ. ಒಬ್ಬ ಹುಡುಗ ಒಳಗೆ ಬರುತ್ತಾನೆ. ಕರದಂಟು ಕೇಳುವುದಿಲ್ಲ. ಗಲ್ಲಾದ ಮೇಲೆ ಕೂತ ಮಾಲಕರ ಅಂಗಿಯ ಕಾಲರ್ ಹಿಡಿಯುತ್ತಾನೆ, ಗಾಜಿನ ಕಪಾಟು ಒಡೆಯುತ್ತಾನೆ. “ವಾರಕ್ಕೆ ಇಷ್ಟು ರೊಕ್ಕ ಕೊಡಬೇಕು” ಅನ್ನುತ್ತಾನೆ. ಮಾಲಕರು ಹೂಂ ಅನ್ನುತ್ತಾರೆ. ಹುಡುಗ ಮುಂದಿನ ಅಂಗಡಿಗೆ ಹೋಗುತ್ತಾನೆ.

ನಿಜವಾಗಿ ಹೀಗಾದರೆ ಮರುದಿನ ಪ್ಯಾಟಿ ಬಂದ್ ಆಗುತ್ತದೆ. ಆದರೆ ಇದನ್ನೇ ಅಂಗಡಿಯಿಂದ ಅಂಗಡಿಗೆ ಮಾಡುತ್ತ ಹೋಗುವ ಒಂದು ವಿಡಿಯೊ ಗೇಮ್ 2006ರ ಮಾರ್ಚ್‌ನಲ್ಲಿ ಬಂತು. ಹೆಸರು ‘ದಿ ಗಾಡ್‌ಫಾದರ್’. ಮಾಡಿದ್ದು ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಕಂಪನಿ.

ಇಂದು ಮೂಡಲಗಿ, ಹುಕ್ಕೇರಿಯ ಯಾವ ಓಣಿಗೆ ಹೋದರೂ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಊರು ಸುತ್ತುವ, ಗಾಡಿ ಕಸಿಯುವ, ಪೊಲೀಸರ ಕೈಯಿಂದ ತಪ್ಪಿಸಿಕೊಳ್ಳುವ ಆಟ ಆಡುವ ಹುಡುಗರು ಸಿಗುತ್ತಾರೆ. “ಏನ್ ಆಡಾಕತ್ತೀಯೋ ತಮ್ಮಾ?” ಅಂತ ಕೇಳಿದರೆ ತಲೆ ಎತ್ತುವುದಿಲ್ಲ. ನಾವೂ ಇಂಥ ಆಟ ಆಡಿ ಬಂದವರೇ. ಅದಕ್ಕೇ ಇದರ ಇತಿಹಾಸ ಬರೆಯುತ್ತಿದ್ದೇವೆ.

ಮೊದಲು ಪುಸ್ತಕ ಬಂತು. ಮಾರಿಯೊ ಪೂಜೊ ಬರೆದ ‘ದಿ ಗಾಡ್‌ಫಾದರ್’ ಕಾದಂಬರಿ 1969ರಲ್ಲಿ ಪ್ರಕಟವಾಯಿತು. 1972ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅದನ್ನು ಸಿನಿಮಾ ಮಾಡಿದರು. ಅದಕ್ಕೆ ಮೂರು ಆಸ್ಕರ್ ಪ್ರಶಸ್ತಿ ಬಂದವು. ನಮ್ಮ ದೇಶದಲ್ಲೂ ಅದರ ನೆರಳು ಬಿತ್ತು: 1975ರ ಹಿಂದಿ ‘ಧರ್ಮಾತ್ಮ’, 1987ರ ತಮಿಳು ‘ನಾಯಕನ್’ ಅದೇ ದಾರಿಯವು.

ಸಿನಿಮಾದ ಕಥೆ ಇಷ್ಟೇ. ಡಾನ್ ವಿಟೊ ಕಾರ್ಲಿಯೋನಿಯ ಕಿರಿಮಗ ಮೈಕೆಲ್ ಯುದ್ಧದಿಂದ ಮನೆಗೆ ಬಂದ ಸೈನಿಕ. ಅಪ್ಪನ ದಂಧೆ ಅವನಿಗೆ ಬೇಡ. ಅಪ್ಪನ ಮೇಲೆ ಗುಂಡು ಬಿದ್ದ ಮೇಲೆ ಅದರೊಳಗೆ ಇಳಿಯುತ್ತಾನೆ. ಕೊನೆಗೆ ಸ್ವಂತ ತಂಗಿಯ ಗಂಡನನ್ನೇ ಕೊಲ್ಲಿಸಿ, ಹೆಂಡತಿಗೆ ಸುಳ್ಳು ಹೇಳುತ್ತಾನೆ. ಅವಳ ಮುಖದೆದುರು ಬಾಗಿಲು ಮುಚ್ಚುತ್ತದೆ. ಡಾನ್ ಆದ, ಮನೆ ಕಳೆದುಕೊಂಡ.

ಮೂವತ್ತು ವರ್ಷ ಕಳೆಯಿತು. 2001ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 3’, ಮರುವರ್ಷ ‘ವೈಸ್ ಸಿಟಿ’ ಬಂದವು. ಇವು ‘ಓಪನ್ ವರ್ಲ್ಡ್’ ಆಟಗಳು. ಅಂದರೆ ಇಡೀ ಊರು ತೆರೆದಿರುತ್ತದೆ. ಜಾತ್ರೆಗೆ ಬಿಟ್ಟ ಹುಡುಗನ ಹಾಗೆ ಎಲ್ಲಿ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು. ಇವು ಕೋಟಿಗಟ್ಟಲೆ ಮಾರಾಟವಾದಾಗ ಬೇರೆ ಕಂಪನಿಗಳೂ ಹಳೆಯ ಮಾಫಿಯಾ ಸಿನಿಮಾಗಳ ಹಕ್ಕು ಹುಡುಕಿದವು.

‘ಗಾಡ್‌ಫಾದರ್’ ಗೇಮಿನಲ್ಲಿ ಆಡುವವನು ಮೈಕೆಲ್ ಅಲ್ಲ. ಕಾರ್ಲಿಯೋನಿ ಮನೆತನಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗ. ಮುಖ, ಬಟ್ಟೆ ಎಲ್ಲ ನಾವೇ ಆರಿಸಬಹುದು. ಸಿನಿಮಾದಲ್ಲಿ ಮೈಕೆಲ್ ಹೋಟೆಲಿನ ಪಾಯಖಾನೆಯಿಂದ ಪಿಸ್ತೂಲು ತರುತ್ತಾನಲ್ಲ, ಅದನ್ನು ಅಲ್ಲಿ ಇಟ್ಟವರು ಗೇಮಿನಲ್ಲಿ ನಾವೇ! ಡಾನ್ ಪಾತ್ರ ಮಾಡಿದ್ದ ಮಾರ್ಲನ್ ಬ್ರಾಂಡೊ 2004ರಲ್ಲಿ ತೀರಿಕೊಳ್ಳುವ ಮೊದಲು ಇದಕ್ಕೆ ಸ್ವಲ್ಪ ಧ್ವನಿ ಕೊಟ್ಟಿದ್ದರು. ಮೈಕೆಲ್ ಆಗಿದ್ದ ಅಲ್ ಪಚಿನೊ ಮಾತ್ರ ತಮ್ಮ ಮುಖವನ್ನೂ ಕೊಡಲಿಲ್ಲ, ಧ್ವನಿಯನ್ನೂ ಕೊಡಲಿಲ್ಲ. ಸಿನಿಮಾ ಮಾಡಿದ ಕೊಪೊಲಾ 2005ರಲ್ಲೇ ಬೇಸರ ಹೇಳಿಕೊಂಡರು: ತಮ್ಮನ್ನು ಯಾರೂ ಕೇಳಿರಲಿಲ್ಲ, ಆ ಪಾತ್ರಗಳನ್ನು ಬರೀ ಹೊಡೆಯಲು, ಕೊಲ್ಲಲು ಬಳಸುವುದು ತಮಗೆ ಒಪ್ಪಿಗೆ ಇಲ್ಲ ಎಂದರು.

ಇನ್ನು ವಸೂಲಿ. ಅಂಗಡಿಕಾರನನ್ನು ಹೆದರಿಸಿದಷ್ಟೂ ಪರದೆಯ ಮೇಲೆ ಒಂದು ಪಟ್ಟಿ ಏರುತ್ತದೆ. ಸರಿಯಾದ ಮಟ್ಟಕ್ಕೆ ನಿಲ್ಲಿಸಿದರೆ ರೊಕ್ಕ ಜಾಸ್ತಿ. ಮಿತಿ ದಾಟಿದರೆ ಅವನೇ ತಿರುಗಿ ಬೀಳುತ್ತಾನೆ. ಒಪ್ಪಿದ ಮೇಲೆ ವಾರವಾರ ದುಡ್ಡು. ನಾವು ಅನ್ನುವ ‘ಹಫ್ತಾ’ ಪದದ ಅರ್ಥವೂ ವಾರವೇ.

ಕಾಲರ್ ಹಿಡಿಯುವ, ಗುದ್ದುವ ಈ ಆಟದ ವ್ಯವಸ್ಥೆಗೆ ಕಂಪನಿ ಇಟ್ಟ ಹೆಸರು ‘ಬ್ಲ್ಯಾಕ್‌ಹ್ಯಾಂಡ್’, ಅಂದರೆ ಕರಿ ಕೈ. ಈ ಹೆಸರು ಕಟ್ಟುಕತೆಯದಲ್ಲ. ಸುಮಾರು 1900ರ ನಂತರ ನ್ಯೂಯಾರ್ಕ್‌ನಲ್ಲಿ ಇಟಲಿಯಿಂದ ದುಡಿಯಲು ಬಂದ ಕಿರಾಣಿಯವರಿಗೆ, ಬೇಕರಿಯವರಿಗೆ ಕಪ್ಪು ಕೈಯ ಗುರುತಿದ್ದ ಪತ್ರಗಳು ಬರುತ್ತಿದ್ದವು. ದುಡ್ಡು ಕೊಡು, ಇಲ್ಲವಾದರೆ ಅಂಗಡಿಗೆ ಬಾಂಬು, ಮಗು ಅಪಹರಣ. ಕೆಲವು ಅಂಗಡಿಗಳಲ್ಲಿ ಬಾಂಬು ಸಿಡಿದವು ಕೂಡ. ಈ ಗ್ಯಾಂಗುಗಳ ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಜೋಸೆಫ್ ಪೆಟ್ರೊಸಿನೊ ಸ್ವತಃ ಇಟಲಿಯಿಂದ ಬಂದವರು. ತನಿಖೆಗೆಂದು ಇಟಲಿಯ ಪಲೆರ್ಮೊ ಊರಿಗೆ ಹೋದಾಗ 1909ರ ಮಾರ್ಚ್ 12ರಂದು ಅವರನ್ನು ಗುಂಡಿಟ್ಟು ಕೊಂದರು.

ಅಷ್ಟು ಜನರ ನಿದ್ದೆ ಕೆಡಿಸಿದ ಹೆಸರು ನೂರು ವರ್ಷದ ಮೇಲೆ ಒಂದು ಬಟನ್ನಿನ ಹೆಸರಾಯಿತು. ಆಟದಲ್ಲಿ ಆ ಬೇಕರಿಯವನಿಗೆ ಮನೆ ಇಲ್ಲ, ಮಕ್ಕಳಿಲ್ಲ. ಅವನು ಬರೀ ಏರುವ ಇಳಿಯುವ ಪಟ್ಟಿ.

ಅದೇ 2006ರ ಅಕ್ಟೋಬರ್‌ನಲ್ಲಿ ಇನ್ನೊಂದು ಸಿನಿಮಾ ಗೇಮ್ ಆಯಿತು: ‘ಸ್ಕಾರ್‌ಫೇಸ್’. 1983ರ ಸಿನಿಮಾದ ಕೊನೆಯಲ್ಲಿ ಮಾದಕ ವಸ್ತುಗಳ ದಂಧೆಯ ಟೋನಿ ತನ್ನ ಬಂಗಲೆಯಲ್ಲೇ ಗುಂಡು ತಿಂದು ಸಾಯುತ್ತಾನೆ. ಗೇಮ್ ಆ ಗುಂಡಿನ ಕಾಳಗದಿಂದಲೇ ಶುರು, ಆದರೆ ಇಲ್ಲಿ ಟೋನಿ ಬದುಕುತ್ತಾನೆ. ಆಟ ಮುಂದುವರಿಯಬೇಕಲ್ಲ! ಸತ್ತರೆ ಆಡುವುದು ಯಾರನ್ನು?

ಇಲ್ಲಿ ನಮಗೆ ನಮ್ಮ ಕಡೆಯ ಸಿಂಧೂರ ಲಕ್ಷ್ಮಣ ನೆನಪಾಗುತ್ತಾನೆ. ಸಿಂಧೂರ ಊರು ಈಗ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದೆ. ಬ್ರಿಟಿಷರ ಖಜಾನೆ ಲೂಟಿ ಮಾಡಿ ಬಡವರಿಗೆ ಹಂಚಿದ ಅಂತ ಜನ ಹಾಡಿದರು. ಸರಕಾರ ಅವನನ್ನು ದರೋಡೆಕೋರ ಅಂದಿತು. 1922ರಲ್ಲಿ ಬೀಳಗಿ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಅವನ ನಾಟಕ ನಮ್ಮ ಜಾತ್ರೆಗಳಲ್ಲಿ ನಡೆಯುತ್ತಲೇ ಬಂದಿದೆ. ನಟ ಸುಧೀರ್ ಈ ಪಾತ್ರದಿಂದಲೇ ರಂಗದ ಮೇಲೆ ಹೆಸರಾದವರು.

ಆ ನಾಟಕದಲ್ಲೂ ಲೂಟಿ ಇದೆ, ಸೀಟಿ ಬೀಳುತ್ತದೆ. ಆದರೆ ಯಾವ ಕಂಪನಿ ಆಡಿದರೂ, ಯಾವ ಊರಲ್ಲಿ ಆಡಿದರೂ ಲಕ್ಷ್ಮಣ ಕೊನೆಗೆ ಸಾಯುತ್ತಾನೆ. ಅವನಿಗಾಗಿ ಅಳುವವರು ರಂಗದ ಮೇಲೂ ಇರುತ್ತಾರೆ, ಮುಂದೆ ಚಾಪೆಯ ಮೇಲೂ ಇರುತ್ತಾರೆ. ಯಾರ ರೊಕ್ಕ ಹೋಯಿತು, ಯಾಕೆ ಹೋಯಿತು ಎಂಬುದು ಗೊತ್ತಾಗಿಯೇ ಜನ ಮನೆಗೆ ಹೋಗುತ್ತಾರೆ.

ಗೇಮ್ ಆಡಿದವರೆಲ್ಲ ಗೂಂಡಾ ಆಗುತ್ತಾರೆ ಅಂತ ನಾವು ಹೇಳುವುದಿಲ್ಲ. ನಾವು ಆಗಿಲ್ಲ. ಆದರೆ ‘ಗಾಡ್‌ಫಾದರ್’ ಗೇಮಿಗೆ ಅಮೆರಿಕದಲ್ಲೇ 17 ವರ್ಷ ಮೇಲ್ಪಟ್ಟವರಿಗೆ ಎಂಬ ಮುದ್ರೆ ಇತ್ತು. ಪ್ಲೇ ಸ್ಟೋರಿನಲ್ಲೂ ಪ್ರತಿ ಆಟದ ಕೆಳಗೆ ವಯಸ್ಸಿನ ಗುರುತು ಇರುತ್ತದೆ. ಮಗನಿಗೆ ಮೊಬೈಲ್ ಕೊಡುವ ಮೊದಲು ಅದನ್ನೊಮ್ಮೆ ನೋಡಿ.

ಮುಂದಿನ ಸಲ ಅವನು ಆಡುವಾಗ ಬೈಯುವ ಬದಲು ಪಕ್ಕದಲ್ಲಿ ಕೂಡ್ರಿ. ಆಟದಲ್ಲಿ ಯಾರದೋ ಗಾಡಿ ಕಸಿದಾಗ ಒಂದೇ ಮಾತು ಕೇಳಿ: “ತಮ್ಮಾ, ಆ ಗಾಡಿ ಯಾರದು? ಅಂವಾ ಈಗ ಮನೀಗಿ ಹೆಂಗ ಹೋಗ್ತಾನ?”