ಐಚ್ಛಿಕ ಉಪವಾಸದಲ್ಲಿ ನಿಯ್ಯತ್

ರಮಝಾನ್ ತಿಂಗಳ ಕಡ್ಡಾಯ ಉಪವಾಸವಲ್ಲದೆ ಮುಸ್ಲಿಮರು ತಾವಾಗಿ ಹಿಡಿಯುವ ಉಪವಾಸಗಳಿಗೆ ನಫಿಲ್ ಅಥವಾ ಸುನ್ನತ್ ಉಪವಾಸ ಎಂದು ಹೆಸರು. ಇಂಥ ಉಪವಾಸವನ್ನು ಆರಾಧನೆಯಾಗಿಸುವ ಮನಸ್ಸಿನ ಸಂಕಲ್ಪವೇ ನಿಯ್ಯತ್. ಫಜ್ರ್‌ನಿಂದ (ಬೆಳಗಿನ ಮೊದಲ ಬೆಳಕು ಮೂಡುವ ಹೊತ್ತು) ಸೂರ್ಯಾಸ್ತದವರೆಗೆ ಅನ್ನ, ನೀರು, ದಾಂಪತ್ಯ ಸುಖಗಳಿಂದ ದೂರವಿರುವುದು ಉಪವಾಸದ ಹೊರಗೆ ಕಾಣುವ ಭಾಗ. ರಕ್ತಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿರುವವರು, ತೂಕ ಇಳಿಸಲು ಊಟ ಬಿಟ್ಟವರು, ಕೆಲಸದ ಗಡಿಬಿಡಿಯಲ್ಲಿ ಸಂಜೆಯವರೆಗೂ ತುತ್ತು ಮುಟ್ಟದವರು ಕೂಡ ಅಷ್ಟೇ ಹಸಿದಿರುತ್ತಾರೆ. ಅವರ ಹಸಿವನ್ನೂ ಉಪವಾಸಿಯ ಹಸಿವನ್ನೂ ಬೇರೆ ಮಾಡುವುದು ನಿಯ್ಯತ್ ಎಂಬುದು ಇಸ್ಲಾಮೀ ಧರ್ಮಶಾಸ್ತ್ರವಾದ ಫಿಕ್‌ಹ್‌ನ ನಿಲುವು.

ರಮಝಾನ್‌ನಲ್ಲಿ ಉಪವಾಸಿಯ ಬೆನ್ನಿಗೆ ಇಡೀ ತಿಂಗಳೇ ನಿಂತಿರುತ್ತದೆ. ಊರೆಲ್ಲ ನಸುಕಿನ ಸಹರಿ ಊಟಕ್ಕೆ ಏಳುತ್ತದೆ, ಊರೆಲ್ಲ ಸಂಜೆ ಉಪವಾಸ ಬಿಡುವ ಇಫ್ತಾರ್‌ಗೆ ಕಾಯುತ್ತದೆ. ಹನಫಿ ಪಂಥದ ಮೂಲಪುರುಷ ಅಬೂ ಹನೀಫಾರ ಶಿಷ್ಯ ಝುಫರ್ ಅವರಂತೂ ಊರಲ್ಲೇ ಇರುವ ಆರೋಗ್ಯವಂತನಿಗೆ ರಮಝಾನ್‌ನಲ್ಲಿ ಪ್ರತ್ಯೇಕ ನಿಯ್ಯತ್ ಬೇಕಿಲ್ಲ, ಆ ದಿನ ಬೇರಾವ ಉಪವಾಸಕ್ಕೂ ಅವಕಾಶವಿಲ್ಲವಲ್ಲ ಎಂದರು. ಉಳಿದವರು ಅದನ್ನು ಒಪ್ಪಲಿಲ್ಲ. ಆದರೆ ಒಂದು ಸಾಮಾನ್ಯ ಸೋಮವಾರದ ಉಪವಾಸಕ್ಕೆ ಅಂಥ ಯಾವ ಒತ್ತಾಸೆಯೂ ಇಲ್ಲ. ಆ ದಿನವನ್ನು ಉಪವಾಸದ ದಿನವಾಗಿಸುವುದು ವ್ಯಕ್ತಿಯ ಸಂಕಲ್ಪ ಮಾತ್ರ. ಹೀಗೆ ಎಲ್ಲವೂ ನಿಯ್ಯತ್‌ನ ಮೇಲೆಯೇ ನಿಂತಿರುವಾಗ ಅದರ ನಿಯಮ ಬಿಗಿಯಾಗಿರಬೇಕಿತ್ತು ಎನಿಸುವುದು ಸಹಜ. ಆದರೆ ಹೆಚ್ಚಿನ ಫಿಕ್‌ಹ್ ಪಂಡಿತರು ಇಲ್ಲಿಯೇ ನಿಯಮವನ್ನು ಸಡಿಲಿಸಿದರು. ಈ ವಿಷಯದ ಸ್ವಾರಸ್ಯವೆಲ್ಲ ಆ ಸಡಿಲಿಕೆಯಲ್ಲಿದೆ.

ಆಧಾರಗಳು

ಕರ್ಮಗಳ ಬೆಲೆ ಉದ್ದೇಶದಿಂದಲೇ ನಿರ್ಧಾರವಾಗುತ್ತದೆ ಎಂಬರ್ಥದ ಹದೀಸನ್ನು, ಅಂದರೆ ಪ್ರವಾದಿವಚನವನ್ನು, ಎರಡನೆಯ ಖಲೀಫ ಉಮರ್ ವರದಿ ಮಾಡಿದ್ದಾರೆ. ಇಮಾಂ ಬುಖಾರಿಯವರ ಹದೀಸ್ ಸಂಗ್ರಹ ಆರಂಭವಾಗುವುದೇ ಇದರಿಂದ. ಇಮಾಂ ನವವಿಯವರ ನಲವತ್ತು ಹದೀಸ್‌ಗಳ ಪ್ರಸಿದ್ಧ ಸಂಕಲನದಲ್ಲೂ ಇದೇ ಮೊದಲನೆಯದು. ಎಲ್ಲ ಕರ್ಮಗಳನ್ನೂ ಅವುಗಳ ಉದ್ದೇಶದಿಂದ ಅಳೆಯಬೇಕೆಂಬ ಫಿಕ್‌ಹ್ ಸೂತ್ರವನ್ನು ಶಾಸ್ತ್ರಜ್ಞರು ಐದು ಮಹಾಸೂತ್ರಗಳಲ್ಲಿ ಮೊದಲನೆಯದಾಗಿ ಎಣಿಸುತ್ತಾರೆ.

ಉಪವಾಸದ ನಿಯ್ಯತ್‌ಗೆ ಸಂಬಂಧಿಸಿದಂತೆ ಎರಡು ವರದಿಗಳು ಒಂದಕ್ಕೊಂದು ಎದುರಾಗುತ್ತವೆ. ಪ್ರವಾದಿಪತ್ನಿ ಹಫ್ಸಾ ಅವರಿಂದ ಬಂದ ವರದಿಯ ಪ್ರಕಾರ, ಫಜ್ರ್‌ಗೆ ಮುನ್ನವೇ ಉಪವಾಸವನ್ನು ನಿಶ್ಚಯಿಸದವರಿಗೆ ಉಪವಾಸವೇ ಇಲ್ಲ. ಅಬೂ ದಾವೂದ್, ತಿರ್ಮಿದಿ, ನಸಾಈ ಇದನ್ನು ದಾಖಲಿಸಿದ್ದಾರೆ. ಇದು ಪ್ರವಾದಿಯವರ ಮಾತೇ ಅಥವಾ ಹಫ್ಸಾ ಅವರ ಸ್ವಂತ ಮಾತೇ ಎಂಬ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಮೊದಲಿನಿಂದಲೂ ಚರ್ಚೆಯಿದೆ.

ಇನ್ನೊಂದು ಮತ್ತೊಬ್ಬ ಪ್ರವಾದಿಪತ್ನಿ ಆಯಿಶಾ ಅವರ ವರದಿ, ಸಹೀಹ್ ಮುಸ್ಲಿಂನಲ್ಲಿದೆ. ಒಂದು ದಿನ ಪ್ರವಾದಿಯವರು ಮನೆಗೆ ಬಂದು ತಿನ್ನಲು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಏನೂ ಇಲ್ಲ ಎಂಬ ಉತ್ತರ ಬರುತ್ತದೆ. ಹಾಗಾದರೆ ತಾವು ಉಪವಾಸವಿರುವುದಾಗಿ ಹೇಳುತ್ತಾರೆ. ಇನ್ನೊಂದು ದಿನ ಯಾರೋ ಹೈಸ್ ಕಳಿಸಿದ್ದರು. ಅದು ಖರ್ಜೂರ, ತುಪ್ಪ, ಒಣಗಿಸಿದ ಮೊಸರು ಕಲಸಿ ಮಾಡುವ ಅರಬ್ ತಿನಿಸು. ಬೆಳಿಗ್ಗೆಯಿಂದ ಉಪವಾಸವಿದ್ದೆ ಎನ್ನುತ್ತಲೇ ಪ್ರವಾದಿಯವರು ಅದನ್ನು ತರಿಸಿ ತಿನ್ನುತ್ತಾರೆ. ಮನೆಯೊಳಗಿನ ಈ ಪುಟ್ಟ ಪ್ರಸಂಗದಿಂದ ಫಿಕ್‌ಹ್ ಎರಡು ದೊಡ್ಡ ಪ್ರಶ್ನೆಗಳನ್ನು ಎತ್ತಿಕೊಂಡಿತು: ಹಗಲಾದ ಮೇಲೆ ಉಪವಾಸವನ್ನು ಸಂಕಲ್ಪಿಸಬಹುದೇ? ಸಂಕಲ್ಪಿಸಿದ ಉಪವಾಸವನ್ನು ನಡುವೆ ಬಿಡಬಹುದೇ?

ಪ್ರವಾದಿಯವರ ಅನುಚರರಲ್ಲೂ ಈ ರೂಢಿಯಿತ್ತು. ಅಬೂ ದರ್ದಾ ಮನೆಗೆ ಬಂದು ಊಟವಿದೆಯೇ ಎಂದು ವಿಚಾರಿಸಿ, ಇಲ್ಲವೆಂದರೆ ಅಂದು ಉಪವಾಸ ಹಿಡಿಯುತ್ತಿದ್ದರೆಂದು ಅವರ ಪತ್ನಿ ಹೇಳಿದ್ದನ್ನು ಬುಖಾರಿ ಉಲ್ಲೇಖಿಸುತ್ತಾರೆ. ಮತ್ತೊಂದೆಡೆ, ಫಜ್ರ್‌ಗೆ ಮೊದಲೇ ನಿಶ್ಚಯಿಸಿದವರು ಮಾತ್ರ ಉಪವಾಸವಿರಲಿ ಎಂಬ, ಖಲೀಫ ಉಮರ್ ಅವರ ಮಗ ಇಬ್ನ್ ಉಮರ್ ಅವರ ಮಾತು ಇಮಾಂ ಮಾಲಿಕರ ಮುವತ್ತಾ ಗ್ರಂಥದಲ್ಲಿದೆ.

ಸಂಕಲ್ಪದ ವೇಳೆ

ಸುನ್ನಿ ಫಿಕ್‌ಹ್‌ನ ನಾಲ್ಕು ಪಂಥಗಳಲ್ಲಿ ಮಾಲಿಕಿ ಪಂಥ ಹಫ್ಸಾ ಅವರ ವರದಿಯನ್ನು ಎಲ್ಲ ಉಪವಾಸಗಳಿಗೂ ಅನ್ವಯಿಸುತ್ತದೆ. ಕಡ್ಡಾಯವಿರಲಿ, ಐಚ್ಛಿಕವಿರಲಿ, ರಾತ್ರಿಯೇ ನಿಯ್ಯತ್ ಆಗಿರಬೇಕು. ಹಗಲಿನ ಒಂದು ತುಂಡು ಸಂಕಲ್ಪವಿಲ್ಲದೆ ಕಳೆದಿದ್ದರೆ ಅದು ಉಪವಾಸಕ್ಕೆ ಸೇರದು, ಅರ್ಧ ದಿನದ ಉಪವಾಸವೆಂಬುದೂ ಇಲ್ಲ ಎಂಬುದು ಅದರ ತರ್ಕ.

ಉಳಿದ ಮೂರು ಪಂಥಗಳು ಆಯಿಶಾ ಅವರ ವರದಿಯ ಬಲದಿಂದ ಐಚ್ಛಿಕ ಉಪವಾಸಕ್ಕೆ ಹಗಲಿನ ನಿಯ್ಯತ್ತನ್ನು ಒಪ್ಪುತ್ತವೆ. ಎಲ್ಲಿಯವರೆಗೆ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ. ಶಾಫಿಈಗಳಿಗೆ ಗಡುವು ಝವಾಲ್, ಅಂದರೆ ಸೂರ್ಯ ನೆತ್ತಿಯಿಂದ ವಾಲುವ ಹೊತ್ತು. ಹನಫಿಗಳು ಅದಕ್ಕಿಂತ ತುಸು ಮುಂಚಿನ ಗಡುವು ಹಾಕಿದರು. ಉಪವಾಸದ ಹಗಲು ಸೂರ್ಯೋದಯದಿಂದಲ್ಲ, ಫಜ್ರ್‌ನಿಂದ ಆರಂಭವಾಗುವುದರಿಂದ ಅದರ ನಟ್ಟನಡು ಲೆಕ್ಕ ಹಾಕಿ, ಅದಕ್ಕೂ ಮೊದಲೇ ನಿಯ್ಯತ್ ಆಗಬೇಕೆಂದರು. ಹಾಗಾದಾಗ ಹಗಲಿನ ಹೆಚ್ಚಿನ ಭಾಗ ಸಂಕಲ್ಪದೊಳಗೆ ಬಂದಂತಾಗುತ್ತದೆ. ಫಜ್ರ್ ಬೆಳಗಿನ 5 ಗಂಟೆಗೆ, ಸೂರ್ಯಾಸ್ತ ಸಂಜೆ 6.30ಕ್ಕೆ ಎಂದಿಟ್ಟುಕೊಂಡರೆ ಹಗಲು ಹದಿಮೂರೂವರೆ ಗಂಟೆ. ಅದರ ಅರ್ಧ ಮುಗಿಯುವುದು 11.45ಕ್ಕೆ. ಕರ್ನಾಟಕದಲ್ಲಿ ಅಂಥ ದಿನ ಝವಾಲ್ ಆಗುವುದು ಹನ್ನೆರಡು ದಾಟಿದ ಮೇಲೆ. ಹಾಗಾಗಿ ಹನ್ನೆರಡು ಗಂಟೆಗೆ ಉಪವಾಸದ ಮನಸ್ಸಾದರೆ, ಭಟ್ಕಳದ ಶಾಫಿಈ ನವಾಯತರಿಗೆ ಇನ್ನೂ ಅವಕಾಶವಿರುತ್ತದೆ, ಬೀದರ್‌ನ ಹನಫಿಗಳಿಗೆ ಹೊತ್ತು ಮೀರಿರುತ್ತದೆ.

ಹಂಬಲಿಗಳು ಇನ್ನೂ ಧಾರಾಳಿಗಳು. ಮಧ್ಯಾಹ್ನ ಕಳೆದ ಮೇಲೂ, ದಿನದ ಯಾವ ಗಳಿಗೆಯಲ್ಲಾದರೂ ನಿಯ್ಯತ್ ಮಾಡಬಹುದು ಎನ್ನುತ್ತಾರೆ. ಅವರ ಪಂಡಿತ ಇಬ್ನ್ ಕುದಾಮಾ (ನಿಧನ 1223) ಕೊಡುವ ಕಾರಣ ನನಗೆ ಬಹಳ ಮನವರಿಕೆಯಾಗುವಂಥದು. ಐಚ್ಛಿಕ ನಮಾಝನ್ನು ಕುಳಿತೇ ಮಾಡಬಹುದು, ಪ್ರಯಾಣದಲ್ಲಿ ವಾಹನದ ಮೇಲೆ ಕಿಬ್ಲಾದ, ಅಂದರೆ ಕಾಬಾದ, ದಿಕ್ಕಿಗಲ್ಲದೆಯೂ ಮಾಡಬಹುದು. ಜನ ಹೆಚ್ಚು ಹೆಚ್ಚಾಗಿ ಮಾಡಲಿ ಎಂದೇ ಅಲ್ಲಿ ರಿಯಾಯಿತಿಯಿದೆ. ಉಪವಾಸದಲ್ಲೂ ಹಾಗೆಯೇ ಆಗಲಿ ಎಂಬುದು ಅವರ ವಾದ. ಬೆಳಿಗ್ಗೆ ಏಳುವಾಗ ಉಪವಾಸದ ಯೋಚನೆಯೇ ಇಲ್ಲದವನಿಗೆ ಹತ್ತು ಗಂಟೆಗೆ ಒಳ್ಳೆಯ ಮನಸ್ಸು ಬಂದರೆ ಬಾಗಿಲು ಮುಚ್ಚಿ ಕಳಿಸಬೇಕಿಲ್ಲ.

ಆದರೆ ಈ ಮೂರೂ ಪಂಥಗಳಲ್ಲಿ ರಿಯಾಯಿತಿಯಿಲ್ಲದ ಶರತ್ತು ಒಂದಿದೆ. ಫಜ್ರ್ ಆದಮೇಲೆ ಒಂದು ಗುಟುಕು ಚಹಾವನ್ನಾದರೂ ಬೇಕೆಂದೇ ಕುಡಿದಿದ್ದರೆ ಅಂದಿನ ಉಪವಾಸದ ದಾರಿ ಮುಚ್ಚಿತು. ನಿಯ್ಯತ್ ತಡವಾಗಬಹುದು, ಸಂಯಮ ತಡವಾಗುವಂತಿಲ್ಲ.

ತಡವಾಗಿ ಸಂಕಲ್ಪಿಸಿದವರ ಪುಣ್ಯ ಎಲ್ಲಿಂದ ಎಣಿಕೆಯಾಗುತ್ತದೆ? ಶಾಫಿಈಗಳ ಪ್ರಬಲ ಅಭಿಪ್ರಾಯದಂತೆ ಇಡೀ ದಿನದ್ದೂ ಸಿಗುತ್ತದೆ. ಹಂಬಲಿಗಳಲ್ಲಿ ಸಂಕಲ್ಪಿಸಿದ ಗಳಿಗೆಯಿಂದ ಮಾತ್ರ. ಸೌದಿ ಅರೇಬಿಯಾದ ವಿದ್ವಾಂಸ ಇಬ್ನ್ ಉಸೈಮೀನ್ (1929–2001) ಇದನ್ನು ಮುಂದುವರಿಸಿ, ರಮಝಾನ್ ನಂತರದ ತಿಂಗಳಾದ ಶವ್ವಾಲ್‌ನ ಆರು ಉಪವಾಸಗಳಲ್ಲಿ ಒಂದನ್ನು ನಡುಹಗಲಲ್ಲಿ ಸಂಕಲ್ಪಿಸಿದವರಿಗೆ ಪೂರ್ತಿ ಆರು ದಿನ ಆಗುವುದಿಲ್ಲ, ಐದೂವರೆಯೇ ಆಗುತ್ತದೆ ಎಂದು ವಿವರಿಸಿದರು. ಹಾಗಾಗಿ ಇಂತಿಷ್ಟು ದಿನವೆಂದು ಗೊತ್ತಾದ ಉಪವಾಸಗಳಿಗೆ ರಾತ್ರಿಯೇ ಮನಸ್ಸು ಮಾಡುವುದು ಲೇಸು. ಉಳಿದ ಪಂಥದವರೂ ರಾತ್ರಿಯ ನಿಯ್ಯತ್ತನ್ನೇ ಉತ್ತಮವೆಂದು ಎಣಿಸುತ್ತಾರೆ.

ಮನಸ್ಸು ಮತ್ತು ಮಾತು

ನಿಯ್ಯತ್‌ನ ನೆಲೆ ಮನಸ್ಸು. ಬಾಯಲ್ಲಿ ಹೇಳದಿದ್ದರೂ ಉಪವಾಸ ಸಿಂಧು. ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಇಲ್ಲದಿದ್ದರೆ ಸಿಂಧುವಲ್ಲ. ಮನಸ್ಸಿಗೆ ಒತ್ತಾಸೆಯಾಗಲೆಂದು ಮಾತಿನಲ್ಲೂ ಹೇಳುವುದು ಒಳ್ಳೆಯದೆಂದು ಶಾಫಿಈ ಮತ್ತು ನಂತರದ ಹನಫಿ ಪಂಡಿತರಲ್ಲಿ ಅನೇಕರು ಹೇಳಿದ್ದಾರೆ. ಡಮಾಸ್ಕಸ್‌ನ ಇಬ್ನ್ ತೈಮಿಯ್ಯಾ (1263–1328) ಇದನ್ನು ಒಪ್ಪಲಿಲ್ಲ. ಪ್ರವಾದಿಯವರಾಗಲೀ ಅನುಚರರಾಗಲೀ ಮಾಡದ್ದನ್ನು ಧರ್ಮಕ್ಕೆ ಸೇರಿಸಬಾರದೆಂದರು. ದಕ್ಷಿಣ ಕನ್ನಡದ ಬ್ಯಾರಿಗಳೂ ಸೇರಿದಂತೆ ಕರಾವಳಿಯ ಶಾಫಿಈಗಳ ಅನೇಕ ಮಸೀದಿಗಳಲ್ಲಿ ರಮಝಾನ್ ರಾತ್ರಿ ತರಾವೀಹ್ ನಮಾಝ್ ಮುಗಿದ ಮೇಲೆ ಇಮಾಮರು ನಾಳಿನ ನೋಂಬಿನ (ಉಪವಾಸದ) ನಿಯ್ಯತ್ತನ್ನು ಹೇಳಿಕೊಡುತ್ತಾರೆ, ಸಾಲಿನಲ್ಲಿ ಕುಳಿತವರು ಒಟ್ಟಾಗಿ ಹೇಳುತ್ತಾರೆ. ಒಳನಾಡಿನಲ್ಲಿ ಅಂಗಡಿಗಳಲ್ಲಿ ಹಂಚುವ ಸಹರಿ–ಇಫ್ತಾರ್ ವೇಳಾಪಟ್ಟಿಯ ಮೇಲೆ ನಿಯ್ಯತ್‌ನ ಅರಬಿ ವಾಕ್ಯ ಅಚ್ಚಾಗಿರುತ್ತದೆ. ಐಚ್ಛಿಕ ಉಪವಾಸಕ್ಕೆ ಇಂಥ ಸಾಮೂಹಿಕ ನೆರವಿಲ್ಲ. ಗುರುವಾರದ ಉಪವಾಸ ಹಿಡಿದವರನ್ನು ಪಕ್ಕದ ಮನೆಯವರೂ ಗುರುತಿಸಲಾರರು. ತೋರಿಕೆಗೆ ಎಡೆಯಿಲ್ಲದ ಆರಾಧನೆಯೆಂದು ಇಮಾಂ ಗಝ್ಝಾಲಿಯಂಥವರು ಉಪವಾಸವನ್ನು ವಿಶೇಷವಾಗಿ ಮೆಚ್ಚಿದ್ದಾರೆ. ತಮ್ಮ ಇಹ್ಯಾ ಗ್ರಂಥದ ನಲವತ್ತು ಭಾಗಗಳಲ್ಲಿ ಮೂವತ್ತೇಳನೆಯದನ್ನು ಅವರು ನಿಯ್ಯತ್, ನಿಷ್ಕಪಟತೆ, ಸತ್ಯಸಂಧತೆಗಳಿಗೇ ಮೀಸಲಿಟ್ಟರು.

ಸಂಕಲ್ಪದಲ್ಲಿ ಅನುಮಾನವಿರಬಾರದು. ಮೊಘಲ್ ದೊರೆ ಔರಂಗಜೇಬನ ಕಾಲದಲ್ಲಿ ಸಂಕಲಿತವಾದ ಹನಫಿ ಗ್ರಂಥ ಫತಾವಾ ಆಲಂಗೀರಿಯಲ್ಲಿ ಇದಕ್ಕೆ ಸೊಗಸಾದ ಉದಾಹರಣೆಯಿದೆ. ನಾಳೆ ಯಾರಾದರೂ ಊಟಕ್ಕೆ ಕರೆದರೆ ಉಣ್ಣುತ್ತೇನೆ, ಕರೆಯದಿದ್ದರೆ ಉಪವಾಸವಿರುತ್ತೇನೆ ಎಂದುಕೊಂಡು ಮಲಗಿದವನು ಆ ನಿಯ್ಯತ್‌ನಿಂದ ಉಪವಾಸಿಯಾಗುವುದಿಲ್ಲ. ಆದರೆ ಇನ್‌ಶಾ ಅಲ್ಲಾಹ್ ಎಂದು ಸೇರಿಸಿ ಸಂಕಲ್ಪಿಸಿದರೆ ಅಡ್ಡಿಯಿಲ್ಲ. ಅದು ಅಲ್ಲಾಹನ ನೆರವು ಬೇಡುವ ಮಾತೇ ಹೊರತು ಹಿಂಜರಿಕೆಯಲ್ಲ.

ಯಾವ ಉಪವಾಸ?

ತಪ್ಪಿದ ಉಪವಾಸವನ್ನು ನಂತರ ತೀರಿಸುವ ಕಝಾ, ಪ್ರಾಯಶ್ಚಿತ್ತದ ಕಫ್ಫಾರಾಗಳಿಗೆ ಇದು ಇಂಥದೇ ಉಪವಾಸ ಎಂಬ ನಿಶ್ಚಯ ಬೇಕು. ಸಾಮಾನ್ಯ ನಫಿಲ್‌ಗೆ ಬೇಕಿಲ್ಲ, ಉಪವಾಸವಿರುತ್ತೇನೆ ಎಂದುಕೊಂಡರೆ ಸಾಕು. ದಿನ ಗೊತ್ತಾಗಿರುವ ಸುನ್ನತ್ ಉಪವಾಸಗಳು ಇವೆರಡರ ನಡುವೆ ಬರುತ್ತವೆ: ದುಲ್‌ಹಜ್ಜ್ 9ರ ಅರಫಾ, ಮುಹರ್ರಂ 10ರ ಆಶೂರಾ, ಪ್ರತಿ ಚಾಂದ್ರಮಾಸದ 13, 14, 15ರ ಬೆಳದಿಂಗಳ ದಿನಗಳು, ಶವ್ವಾಲ್‌ನ ಆರು ದಿನಗಳು. ಇವಕ್ಕೂ ಹೆಸರಿಟ್ಟು ಸಂಕಲ್ಪಿಸಬೇಕೆಂಬುದು ನವವಿ (1233–1277) ಅವರ ಒಲವು. ನಂತರದ ಶಾಫಿಈಗಳಲ್ಲಿ ಅನೇಕರು ಆ ದಿನ ಉಪವಾಸವಿದ್ದುದೇ ಮುಖ್ಯ, ಹೆಸರು ಹೇಳುವುದು ಪುಣ್ಯವನ್ನು ಪೂರ್ತಿಗೊಳಿಸಲು ಮಾತ್ರ ಎಂದರು. ಎರಡು ಈದ್‌ಗಳಂದು ಎಷ್ಟೇ ಶುದ್ಧ ನಿಯ್ಯತ್ ಇದ್ದರೂ ಉಪವಾಸ ನಿಷಿದ್ಧ.

ಸಂಕಲ್ಪ ಮುರಿದರೆ

ರಾತ್ರಿ ಸಂಕಲ್ಪಿಸಿ ಫಜ್ರ್‌ಗೆ ಮುಂಚೆ ಮನಸ್ಸು ಬದಲಿಸಿದರೆ ನಿಯ್ಯತ್ ಅಲ್ಲಿಗೆ ಬಿತ್ತು. ಹಗಲಲ್ಲಿ ಉಪವಾಸ ಬಿಡಬೇಕೆಂದುಕೊಂಡು ಏನೂ ತಿನ್ನದಿದ್ದರೆ ಹನಫಿ, ಶಾಫಿಈಗಳ ಪ್ರಕಾರ ಉಪವಾಸ ಹಾಗೇ ಉಳಿಯುತ್ತದೆ. ಹಂಬಲಿಗಳ ಪ್ರಕಾರ ಮನಸ್ಸಿನಲ್ಲಿ ಬಿಟ್ಟೊಡನೆ ಮುರಿಯಿತು. ಆದರೆ ನಫಿಲ್ ಆಗಿದ್ದರೆ ಹೊಸದಾಗಿ ಸಂಕಲ್ಪಿಸಿ ಮುಂದುವರಿಯಬಹುದು.

ತಿಂದೇ ಬಿಟ್ಟರೆ? ಈ ಪ್ರಶ್ನೆ ಐಚ್ಛಿಕ ಎಂಬುದರ ಬುಡವನ್ನೇ ಮುಟ್ಟುತ್ತದೆ. ಹನಫಿಗಳ ಪ್ರಕಾರ ಸ್ವಇಚ್ಛೆಯಿಂದ ಆರಂಭಿಸಿದ್ದು ಆರಂಭವಾದೊಡನೆ ಹೊಣೆಯಾಗುತ್ತದೆ. ಮುರಿದರೆ ಇನ್ನೊಂದು ದಿನ ಕಝಾ ತೀರಿಸಬೇಕು. ಕರ್ಮಗಳನ್ನು ವ್ಯರ್ಥಗೊಳಿಸಬೇಡಿ ಎಂಬ ಕುರ್‌ಆನ್‌ನ ಆಜ್ಞೆ (47:33) ಅವರ ಆಧಾರ. ಮಾಲಿಕಿಗಳು ಕಾರಣವಿಲ್ಲದೆ ಬೇಕೆಂದೇ ಮುರಿದವರಿಗೆ ಮಾತ್ರ ಕಝಾ ವಿಧಿಸುತ್ತಾರೆ. ಶಾಫಿಈ, ಹಂಬಲಿಗಳಲ್ಲಿ ಪೂರ್ತಿಗೊಳಿಸುವುದು ಒಳ್ಳೆಯದು, ಕಡ್ಡಾಯವಲ್ಲ. ಆಯಿಶಾ ಅವರ ವರದಿಯಲ್ಲಿ ಪ್ರವಾದಿಯವರೇ ಹೈಸ್ ತಿಂದದ್ದು ಅವರ ಪ್ರಬಲ ಆಧಾರ. ಅನುಚರರಾದ ಸಲ್ಮಾನ್ ಫಾರಸಿ ಮತ್ತು ಅಬೂ ದರ್ದಾರ ಪ್ರಸಂಗವನ್ನೂ ಅವರು ಎತ್ತುತ್ತಾರೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಅಬೂ ದರ್ದಾ ಮನೆಯವರನ್ನೇ ಮರೆತಿದ್ದರು. ಅವರ ಮನೆಗೆ ಅತಿಥಿಯಾಗಿ ಬಂದ ಸಲ್ಮಾನ್, ನೀನು ಉಣ್ಣದೆ ನಾನೂ ಉಣ್ಣೆನೆಂದು ಹಟ ಹಿಡಿದು ಉಪವಾಸ ಬಿಡಿಸಿದರು. ಪ್ರವಾದಿಯವರು ಸಲ್ಮಾನ್ ಪರವಾಗಿಯೇ ನಿಂತರು. ಅತಿಥಿಯ ಮನಸ್ಸು ನೋಯುವುದಾದರೆ ನಫಿಲ್ ಉಪವಾಸ ಬಿಡಲು ಹನಫಿಗಳೂ ಅನುಮತಿಸುತ್ತಾರೆ, ಕಝಾ ಮಾತ್ರ ತಪ್ಪದು.

ಒಂದು ದಿನ, ಎರಡು ಸಂಕಲ್ಪ

ಇಂದು ಮುಫ್ತಿಗಳ ಮುಂದೆ ಹೆಚ್ಚಾಗಿ ಬರುವ ಪ್ರಶ್ನೆ ಇದು, ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಮುಟ್ಟಿನ ದಿನಗಳಲ್ಲಿ ತಪ್ಪಿದ ರಮಝಾನ್ ಉಪವಾಸಗಳ ಕಝಾ ಬಾಕಿಯಿರುತ್ತದೆ, ಶವ್ವಾಲ್ ಬಂದೇ ಬಿಡುತ್ತದೆ. ಒಂದೇ ಉಪವಾಸದಲ್ಲಿ ಕಝಾ ಮತ್ತು ಶವ್ವಾಲ್‌ನ ಸುನ್ನತ್ ಎರಡನ್ನೂ ಸಂಕಲ್ಪಿಸಬಹುದೇ? ಅರಫಾ ಅಥವಾ ಆಶೂರಾ ದಿನ ಕಝಾ ಹಿಡಿದರೆ ಎರಡೂ ಸಲ್ಲುತ್ತವೆ ಎಂಬ ಅಲ್‌ಬಾರಿಝಿ ಅವರ ಫತ್ವಾವನ್ನು ಶಾಫಿಈ ಪಂಡಿತ ಸುಯೂತಿ (ನಿಧನ 1505) ಉಲ್ಲೇಖಿಸುತ್ತಾರೆ. ಶವ್ವಾಲ್‌ನ ಆರು ದಿನಗಳಿಗೂ ಇದನ್ನು ವಿಸ್ತರಿಸಿದ ಶಾಫಿಈಗಳಿದ್ದಾರೆ. ಹನಫಿಗಳಲ್ಲಿ ಅಬೂ ಹನೀಫಾರ ಇಬ್ಬರು ಶಿಷ್ಯರೇ ಬೇರೆಬೇರೆ ದಾರಿ ಹಿಡಿದರು: ಕಝಾ ಮತ್ತು ನಫಿಲ್ ಎರಡನ್ನೂ ಸಂಕಲ್ಪಿಸಿದರೆ ಅದು ಕಝಾ ಆಗುತ್ತದೆ ಎಂದು ಅಬೂ ಯೂಸುಫ್, ನಫಿಲ್ ಆಗುತ್ತದೆ ಎಂದು ಮುಹಮ್ಮದ್. ಹಾಗಾಗಿ ಹನಫಿ ಮುಫ್ತಿಗಳು ಸಾಮಾನ್ಯವಾಗಿ ಎರಡನ್ನೂ ಬೇರೆಬೇರೆ ಹಿಡಿಯಲು ಹೇಳುತ್ತಾರೆ.

ಮೊದಲು ಯಾವುದು? ಸಾಲದಂತಿರುವ ಕಝಾ ಮೊದಲು ತೀರಲಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆದರೆ ಶವ್ವಾಲ್ ಒಂದು ತಿಂಗಳಲ್ಲಿ ಮುಗಿದುಹೋಗುತ್ತದೆ, ಕಝಾಕ್ಕೆ ಮುಂದಿನ ರಮಝಾನ್‌ವರೆಗೆ ಕಾಲಾವಕಾಶವಿದೆ. ಸ್ವತಃ ಆಯಿಶಾ ಅವರು ತಮ್ಮ ಕಝಾವನ್ನು ರಮಝಾನ್‌ಗೆ ತುಸು ಮುಂಚಿನ ಶಅಬಾನ್ ತಿಂಗಳಲ್ಲಿ ತೀರಿಸುತ್ತಿದ್ದರೆಂದು ಬುಖಾರಿ ಮತ್ತು ಮುಸ್ಲಿಂ ಇಬ್ಬರೂ ದಾಖಲಿಸಿದ್ದಾರೆ. ಇದನ್ನೇ ಆಧಾರವಾಗಿಟ್ಟುಕೊಂಡು, ಶವ್ವಾಲ್‌ನ ಆರು ಉಪವಾಸಗಳನ್ನು ಮೊದಲು ಮುಗಿಸಿ ಕಝಾವನ್ನು ವರ್ಷದುದ್ದಕ್ಕೂ ಹಿಡಿಯಲು ಅನುಮತಿ ಕೊಡುವ ಪಂಡಿತರಿದ್ದಾರೆ.