ಬೈಬಲ್ಲಿನ ಕಾಲಶಬ್ದಗಳೂ ಚರಿತ್ರೆಯ ಕಲ್ಪನೆಯೂ

ಗ್ರೀಕರಿಗೆ ಕಾಲವು ಚಕ್ರ, ಹೀಬ್ರೂ ಜನರಿಗೆ ರೇಖೆ ಎಂಬ ಮಾತು ಕ್ರೈಸ್ತ ವಿದ್ವಾಂಸರ ಗ್ರಂಥಗಳಲ್ಲಿ ಬಹುಕಾಲ ಸಿದ್ಧಾಂತವೆಂಬಂತೆ ನಡೆದುಬಂದಿತು. ಇದಕ್ಕೆ ಪ್ರಬಲವಾದ ರೂಪವನ್ನು ಕೊಟ್ಟವರು ಬಾಸೆಲ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಆಸ್ಕರ್ ಕುಲ್‌ಮನ್ನರು. 1946ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ‘ಕ್ರಿಸ್ತನೂ ಕಾಲವೂ’ ಎಂಬ ಅವರ ಗ್ರಂಥದ ಮತದಂತೆ, ಸೃಷ್ಟಿಯಿಂದ ಅಂತ್ಯದವರೆಗಿನ ಏಕರೇಖೆಗೆ ಕ್ರಿಸ್ತನ ಆಗಮನವೇ ಮಧ್ಯಬಿಂದು. ನಿರ್ಣಾಯಕ ಕದನವನ್ನು ಗೆದ್ದ ಮೇಲೂ ಯುದ್ಧವು ಕೆಲಕಾಲ ಮುಂದುವರಿಯುವಂತೆ, ಈಗಿನ ಕಾಲವು ಗೆಲವಿಗೂ ವಿಜಯೋತ್ಸವಕ್ಕೂ ನಡುವಣದು. ಮಹಾಯುದ್ಧವು ಮುಗಿದ ಮರುವರ್ಷವೇ ಹೊರಬಿದ್ದ ಈ ದೃಷ್ಟಾಂತವು ಯೂರೋಪಿನ ಓದುಗರ ಮನಸ್ಸಿಗೆ ನಾಟಿದುದು ಸಹಜವೇ ಸರಿ.

ಕುಲ್‌ಮನ್ನರು ತಮ್ಮ ಮತಕ್ಕೆ ಶಬ್ದಾರ್ಥವನ್ನೇ ಮುಖ್ಯ ಆಧಾರವಾಗಿ ಹಿಡಿದರು. ‘ಕೈರೊಸ್’ ಎಂದರೆ ದೈವನಿಯತವಾದ ಮುಹೂರ್ತ, ‘ಐಯೋನ್’ ಎಂದರೆ ದೀರ್ಘಾವಧಿ. ಬೇರೆ ಕೆಲವರು ಇನ್ನೂ ಮುಂದೆ ಹೋಗಿ, ‘ಖ್ರೊನೊಸ್’ ಎಂಬುದು ಬರಿಯ ಎಣಿಕೆಯ ಕಾಲ, ‘ಕೈರೊಸ್’ ಎಂಬುದೊಂದೇ ಅರ್ಥಪೂರ್ಣವಾದ ಕಾಲ ಎಂದು ವಿಭಾಗಿಸಿದರು.

1962ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ‘ಬೈಬಲ್ಲಿನ ಕಾಲವಾಚಕ ಶಬ್ದಗಳು’ ಎಂಬ ಗ್ರಂಥದಲ್ಲಿ ಈ ವಿಭಾಗವನ್ನು ಖಂಡಿಸಿದರು. ಕಾಲವು ಪರಿಪೂರ್ಣವಾಯಿತೆಂದು ಹೇಳುವಲ್ಲಿ ಮಾರ್ಕನ ಸುವಾರ್ತೆಯು (1:15) ‘ಕೈರೊಸ್’ ಎಂಬ ಶಬ್ದವನ್ನು ಬಳಸಿದೆ; ಅದೇ ಅಭಿಪ್ರಾಯವನ್ನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ (4:4) ಪೌಲನು ಹೇಳುವಾಗ ಶಬ್ದವು ‘ಖ್ರೊನೊಸ್’! ಪ್ರಸಂಗಿಯ ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿಯೂ (3:1) ಎರಡು ಶಬ್ದಗಳೂ ಜೊತೆಜೊತೆಯಾಗಿಯೇ ಬಂದಿವೆ. ವಿಭಾಗವು ನಿಜವಾಗಿದ್ದಲ್ಲಿ ಪೌಲನಿಗೇ ತನ್ನ ಮತವು ತಿಳಿಯದೆ ಇದ್ದಿತೆನ್ನಬೇಕಾಗುತ್ತದೆ. ತಾತ್ಪರ್ಯವಿರುವುದು ವಾಕ್ಯದಲ್ಲಿಯೇ ಹೊರತು ಬಿಡಿ ಪದದಲ್ಲಲ್ಲ ಎಂಬುದು ಬಾರ್ ಅವರ ವಾದದ ಸಾರ. ವಾಕ್ಯಪದೀಯವನ್ನು ಓದಿದವರಿಗೆ ಈ ಮಾತು ಅಪರಿಚಿತವೆನಿಸದು. ಆದರೆ ಬಾರ್ ಅವರು ಭರ್ತೃಹರಿಯಂತೆ ಅಖಂಡವಾಕ್ಯವಾದದವರೆಗೆ ಹೋಗುವವರಲ್ಲ.

ಚಕ್ರ-ರೇಖೆಗಳ ಭೇದವೂ ಇದೇ ರೀತಿ ಸಡಿಲವಾಯಿತು. ಗ್ರೀಕ್ ತತ್ತ್ವಜ್ಞರಲ್ಲಿ ಕೆಲವರ ಮತವನ್ನು ಗ್ರೀಕ್ ಇತಿಹಾಸಕಾರರೆಲ್ಲರ ತಲೆಗೆ ಕಟ್ಟಬಾರದೆಂದು ಇಟಲಿಯ ಮೊಮಿಲಿಯಾನೊ 1966ರಲ್ಲಿ ತೋರಿಸಿದರು. ಹೆರೊಡೊಟಸನು ಯುದ್ಧಗಳನ್ನು ವರ್ಣಿಸಿದ್ದು ಚಕ್ರಗತಿಯಾಗಿ ಅಲ್ಲ. ಇತ್ತ ಸೂರ್ಯನೂ ಗಾಳಿಯೂ ಸುತ್ತಿ ಸುತ್ತಿ ಬರುವ ವರ್ಣನೆಯು ಹೀಬ್ರೂ ಪ್ರಸಂಗಿಯ ಮೊದಲನೆಯ ಅಧ್ಯಾಯದಲ್ಲಿಯೇ ಇದೆ. ಯುಗಚಕ್ರವನ್ನು ನಂಬಿದ ಭಾರತೀಯರಿಗೆ ಚರಿತ್ರಬುದ್ಧಿಯಿಲ್ಲವೆನ್ನುವವರೂ ಇಂಥದೇ ಅನುಮಾನವನ್ನು ಹೂಡುತ್ತಾರೆ; ಆಳ್ವಿಕೆಯ ವರ್ಷಗಳನ್ನು ಹಿಡಿದು 12ನೆಯ ಶತಮಾನದಲ್ಲಿ ರಾಜತರಂಗಿಣಿಯನ್ನು ರಚಿಸಿದ ಕಲ್ಹಣನನ್ನು ಅವರು ಎಲ್ಲಿಡುವರೋ!

ಇಷ್ಟರಿಂದ ಕುಲ್‌ಮನ್ನರ ಮತವು ಸಮೂಲವಾಗಿ ಬಿದ್ದಿತೆನ್ನಲಾಗದು. ಬಿದ್ದುದು ನಿಘಂಟಿನ ಪ್ರಮಾಣ. ಐಗುಪ್ತದಿಂದ ಬಿಡುಗಡೆಯಾದುದನ್ನು ಒಮ್ಮೆ ನಡೆದ ಘಟನೆಯೆಂದು ಇಸ್ರಾಯೇಲ್ಯರು ವರ್ಷವರ್ಷವೂ ಸ್ಮರಿಸಿದ್ದು, ಅರಸರ ಕಥೆಯನ್ನು ಅನುಕ್ರಮವಾಗಿ ಬರೆದಿಟ್ಟದ್ದು, ಇವು ಯಾವ ಶಬ್ದದ ಆಸರೆಯನ್ನೂ ಬೇಡುವುದಿಲ್ಲ.